ಅಂಕುರ ಎಂಬ ಹುಡುಗ

ಸೇಡಮ್ಮಿನ ಆಚೆ, ಕಲ್ಲು ತೆಗೆದು ಬಿಟ್ಟ ಖಣಿಯ
ತಳದಲ್ಲಿತ್ತು ನಮ್ಮ ಮೈದಾನ.
ನೆಲವೆಲ್ಲ ಫರಸಿ. ಹುಲ್ಲೆಂದರೆ ಬಿರುಕಿಗೊಂದು ಎಳೆ.
ಚೆಂಡು ಬಿದ್ದರೆ ಆಳೆತ್ತರ ಪುಟಿದು
ನಮ್ಮನ್ನು ದಾಟಿ ತನ್ನ ಪಾಡಿಗೆ ಹೋಗುತ್ತಿತ್ತು.

ಒಂದು ಚಳಿಗಾಲ ಬಂದ, ಕುಂಟುತ್ತ,
ಬಿಸಿಲಿಗೆ ಕತ್ತು ಕೆಂಪಾದ ಒಬ್ಬ.
ಹೆಂಡತಿ ಸಿಮೆಂಟ್ ಫ್ಯಾಕ್ಟರಿಯ ಭಟ್ಟಿ ನೋಡುವ ಇಂಜಿನಿಯರು,
ಇವನಿಗೆ ಊರಲ್ಲಿ ಕೆಲಸವಿಲ್ಲ.
ಹೆಸರು ರೆಮಿ ದೆಲ್ಕೂರ್. ನಮ್ಮ ನಾಲಿಗೆಗೆ ಸಿಕ್ಕು
ಎಂಟು ದಿನದಲ್ಲಿ ರೇವಣ್ಣ ಮಾಸ್ತರನಾದ.
ಕರೆದರೆ ಓ ಅನ್ನುತ್ತಿದ್ದ,
ತೊಟ್ಟಿಲಲ್ಲಿ ಇಟ್ಟ ಹೆಸರೇ ಅದೆಂಬಂತೆ.

ತನ್ನ ಆಟದ ಕತೆ ಒಮ್ಮೆಲೆ ಹೇಳಲಿಲ್ಲ.
ಚಹಾಕ್ಕೆ ಇಷ್ಟಿಷ್ಟು, ಮುರುಕು ಹಿಂದಿಯಲ್ಲಿ.
ಫ್ರಾನ್ಸಿನ ಉತ್ತರಕ್ಕೆ ಕಲ್ಲಿದ್ದಲಿನ ಊರು.
ಅಪ್ಪ ನೆಲದ ಕೆಳಗೆ, ಮಗ ನೆಲದ ಮೇಲೆ,
ಇಬ್ಬರ ಕೆಮ್ಮೂ ಒಂದೇ.
ಲೆಫ್ಟ್ ಬ್ಯಾಕ್. ಹನ್ನೊಂದು ವರ್ಷ. ಮೂರನೇ ದರ್ಜೆಯ ಲೀಗು.
ಹೊಡೆದದ್ದು ಮೂರು ಗೋಲು, ಒಂದು ತನ್ನದೇ ಬಲೆಗೆ.
ಅದೇ ಎಲ್ಲಕ್ಕಿಂತ ಚಂದ ಇತ್ತು, ಅಂದು ಬನ್ನು ಅದ್ದಿದ.
ದೊಡ್ಡ ತಂಡದಿಂದ ಒಮ್ಮೆ ಕರೆ ಬಂತಂತೆ.
ಅದೇ ವಾರ ಮೊಣಕಾಲು ತಿರುಗಿತು.
ಮುಂದೇನಾತ್ರಿ ಸರ? ಕೇಳಿದ ಖಾಜಾಹುಸೇನ.
ಮುಂದೆ ಮಂದಿಯ ಮಕ್ಕಳು, ಅಂದ.

ಪುಟಿಯುವ ಚೆಂಡನ್ನು ಪಾದದಲ್ಲಿ ಮಲಗಿಸುವುದೇ ಪಾಠ.
ಮೊದಲ ದಿನ ಅದೇ, ನಾಲ್ಕನೇ ತಿಂಗಳೂ ಅದೇ.
ತತ್ತಿ ಬೀಳುತ್ತಿದೆ ಅಂದುಕೊ ಅನ್ನಲು ಹಿಂದಿ ಸಿಗದೆ
ತತ್ತಿಯನ್ನೇ ತಂದು, ಮೇಲೆಸೆದು, ಬೂಟು ಒಡ್ಡಿದ.
ಒಡೆಯಿತು. ಇನ್ನೊಂದು. ಒಡೆಯಿತು.
ಮೂರನೆಯದು ಬೂಟಿನ ಮೇಲೆ ಕೂತೇಬಿಟ್ಟಿತು.
ಈರಮ್ಮನ ಅಂಗಡಿ ವಹಿಯಲ್ಲಿ ಇನ್ನೂ ಇದೆ ಆ ಬಾಕಿ.

ನಾವು ತಪ್ಪಿದಾಗೆಲ್ಲ ಕೂಗುತ್ತಿದ್ದ: ಅಂಕುರ! ಅಂಕುರ!
ಆ ಹೆಸರಿನ ಹುಡುಗ ನಮ್ಮಲ್ಲಿರಲಿಲ್ಲ.
ಭೀಮಶಾ ಇದ್ದ, ಖಾಜಾಹುಸೇನ ಇದ್ದ,
ಗೋಲಿಗೆ ನಿಲ್ಲಲು ಜಗದೇವಿ ಇದ್ದಳು.
ತೀರಿಹೋದ ಮಗನಿರಬೇಕು, ಅಂದುಕೊಂಡೆವು.
ಒಂದು ಗುರುವಾರ ಯಾರಿಗೂ ಹೇಳದೆ ಜಗದೇವಿ
ಆ ಮಗನ ಹೆಸರಲ್ಲಿ ದರ್ಗಾದಲ್ಲಿ ಸಕ್ಕರೆ ಓದಿಸಿ ಬಂದಳು.

ಹೊರಗೆ ಹೋಗಿ ಆಡಿದ್ದು ಒಂದೇ ಮ್ಯಾಚು, ಯಾದಗಿರಿಯಲ್ಲಿ.
ಅಲ್ಲಿ ಹುಲ್ಲಿತ್ತು!
ಚೆಂಡು ಪುಟಿಯಲೇ ಇಲ್ಲ.
ನಾವು ಪಾದ ಎತ್ತಿ ಕಾದೇ ಕಾದೆವು,
ಅದು ಅರ್ಧ ದಾರಿಯಲ್ಲಿ ಎಮ್ಮೆಯ ಹಾಗೆ ನಿಂತಿತ್ತು.
ನಾಲ್ಕು-ಒಂದು. ವಾಡಿಯಲ್ಲಿ ರೈಲು ಬದಲಿಸುವಾಗ
ಪ್ಲಾಟ್‌ಫಾರ್ಮಿನ ಕಂಬ ಹಿಡಿದು ಅವನು ನಕ್ಕ,
ಕಣ್ಣೊರೆಸಿಕೊಂಡು ಮತ್ತೆ ನಕ್ಕ.

ಸೇಡಮ್ಮಿನಲ್ಲಿ ಜೀಪು ತಂದಿದ್ದಳು ಹೆಂಡತಿ.
ಜಗದೇವಿ ಕೇಳಿಯೇಬಿಟ್ಟಳು: ನಿಮ್ಮ ಅಂಕುರ ಏನಾಗಿ ಹೋದ?
ಆಕೆಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು.
ಅದು ಹೆಸರಲ್ಲ, ನಮ್ಮ ಮಾತಿನಲ್ಲಿ
'ಇನ್ನೊಮ್ಮೆ' ಅಂತ ಅರ್ಥ, ಅಂದಳು.
ಸ್ವಲ್ಪ ತಡೆದು: ನಮಗೆ ಮಕ್ಕಳಿಲ್ಲ.
ಓದಿಸಿದ ಸಕ್ಕರೆಯ ಮಾತು ಜಗದೇವಿ ಎತ್ತಲಿಲ್ಲ.

ಆಕೆಯ ಕರಾರು ಮುಗಿಯಿತು, ಇಬ್ಬರೂ ಹೋದರು.
ಖಣಿಯಲ್ಲೀಗ ನೀರು, ನಾಲ್ಕಾಳು ಆಳ.
ನಾನು ತೂಕದ ಕಾಟಾದಲ್ಲಿ ಕೂತು ಫರಸಿ ಲಾರಿ ತೂಗುತ್ತೇನೆ.
ಗೋಡೆಯಾಚೆ ಹೈಸ್ಕೂಲಿನ ಬಯಲು,
ಸಂಜೆ ಅಲ್ಲಿ ಜಗದೇವಿ ಟೀಚರಿನ ದನಿ: ಅಂಕುರ!
ಹೊಸ ಹುಡುಗನೊಬ್ಬ ಆಟ ಬಿಟ್ಟು
ಹಿಂದೆ ತಿರುಗಿ ಯಾರನ್ನೋ ಹುಡುಕುತ್ತಾನೆ.
ನಾನು ಹೇಳಲು ಹೋಗುವುದಿಲ್ಲ.
ಲಾರಿ ಹಾರ್ನು ಹೊಡೆಯುತ್ತದೆ.
ಹದಿನಾರು ಟನ್ನು, ಬರೆದುಕೊಳ್ಳುತ್ತೇನೆ.