ಗೇಣುದ್ದ ಸಾವಕಾಶ

ಮೊಲ ಕಂಡದ್ದು ನಾಯಿಗೆ.
ಜಿಗಿದದ್ದು ನಾಯಿ.
ಬಿದ್ದದ್ದು ನಾನು, ಬನಹಟ್ಟಿಯ ಹೊರಗೆ,
ಕಬ್ಬಿನ ಟ್ರ್ಯಾಕ್ಟರು ಹಾಯ್ದು ಹಾಯ್ದು
ಹಿಟ್ಟಾದ ಮಣ್ಣಿನ ದಾರಿಯಲ್ಲಿ, ಬೋರಲು.

ಮೂರು ದಿನ ಕಂಡಿಕೆ ಸುತ್ತಲಾಗಲಿಲ್ಲ.
ನಾಕನೆಯ ದಿನ ಮಾಲಕರು ಮನೆಗೇ ಬಂದು
ಕೈ ಕೇಳಲಿಲ್ಲ, ನೂಲು ಕೇಳಿದರು.

ಚಿಗರಿ ಎಂದು ಅದರ ಹೆಸರು. ಮುಧೋಳದ ತಳಿ,
ಲೋಕಾಪುರದ ತಮ್ಮ ತಂದು ಕಟ್ಟಿಹೋದದ್ದು.
ಮೈಯೆಲ್ಲ ಎಲುಬು, ಎಲುಬೆಲ್ಲ ಓಟ.
ನಿಂತಿದ್ದರೂ ಆಗಲೇ ಹೊರಟುಹೋದಂತೆ ನಿಂತಿರುತ್ತದೆ.

‘ಮಾರಿಬಿಡ್ರಿ’ ಅಂದರು ಕೆಲವರು. ‘ಸರಪಳಿ ಹಾಕ್ರಿ.’
ಸರಪಳಿ ಬಲು ಪ್ರಾಮಾಣಿಕ:
ಅತ್ತ ಜಗ್ಗಿದ್ದನ್ನು ಇತ್ತ
ಒಂದು ಗುಂಜಿಯೂ ಕಡಿಮೆಯಿಲ್ಲದೆ ತಂದು ಒಪ್ಪಿಸುತ್ತದೆ.

ದಾನಪ್ಪ ಜಾಬರನ ಮುಂದೆ ಹೋಗಿ ನಿಂತೆ.
ಊರ ಮಗ್ಗದ ರೋಗಕ್ಕೆಲ್ಲ ಅವನೇ ವೈದ್ಯ.
ನಲವತ್ತು ವರ್ಷದ ಖಟಖಟಕ್ಕೆ ಎರಡೂ ಕಿವಿ,
ಹಾರಿಬಂದ ಲಾಳಿಯೊಂದಕ್ಕೆ ಮುಂದಿನ ಹಲ್ಲು
ಕೊಟ್ಟು ಕುಂತವನು; ತುಟಿ ನೋಡಿ ಮಾತು ತಿಳಿಯುತ್ತಾನೆ.
ಭುಜ ತೋರಿಸಿದೆ. ಅವನು ನೋಡಲಿಲ್ಲ.
ಕುಕ್ಕರಗಾಲಲ್ಲಿ ಕುಂತು ನಾಯಿಯ ಕೊರಳಿನ
ಕೂದಲು ಬಿಡಿಸಿ ಬಿಡಿಸಿ ನೋಡಿದ.
ಅಲ್ಲಿತ್ತು, ಪಟ್ಟಿಯ ಅಗಲಕ್ಕೆ ಸರಿಯಾಗಿ,
ಕೂದಲುದುರಿ ಜಡ್ಡುಗಟ್ಟಿದ ಬಳೆ.
‘ಹಗ್ಗಕ್ಕ ಎರಡ ತುದಿ ಇರತಾವ, ನೀಲವ್ವಕ್ಕಾ!’
ತನ್ನ ದನಿ ತನಗೆ ಕೇಳದವನ ಮಾತು,
ಇಡೀ ಓಣಿಗೆ ಕೇಳಿತು.

ಲಾಳಿ ಬಂದು ಬಡಿಯುವ ಕಡೆ ಮಗ್ಗಕ್ಕೆ
ಬಫರು ಇರುತ್ತದಲ್ಲ, ರಬ್ಬರಿನ ಗಟ್ಟಿ ಮುದ್ದೆ,
ಹಗಲೂ ರಾತ್ರಿ ಏಟು ತಿಂದು ಸುಮ್ಮನಿರುವಂಥದ್ದು,
ಅಂಥದೊಂದನ್ನು ಹಿಂಡಿ ನೋಡಿ ಕೆಳಗಿಟ್ಟ.
‘ಇದು ತಡೀತೈತಿ. ನಮಗ ತಡಿಯೂದು ಬ್ಯಾಡ.’
ಹಳೆ ಲೂನಾದ ಟ್ಯೂಬಿನಿಂದ ಪಟ್ಟಿ ಕೊಯ್ದ, ಹೆಣೆದ.
ಮೇಲೆ ನವಾರಿನ ಚೀಲ, ನೆರಿಗೆ ನೆರಿಗೆಯಾಗಿ,
ರಬ್ಬರು ಹರಿದ ದಿನ ನವಾರಾದರೂ ಹಿಡಿಯಲೆಂದು.
ಎರಡೂ ಕಡೆ ಹಿತ್ತಾಳೆ ಕೊಂಡಿ.
ಹಗ್ಗದ ನಡುವೆ ಸಿಕ್ಕಿಸಿದರೆ ಗೇಣುದ್ದ.
‘ಜಗ್ಗೂದು ಕಡಿಮಿ ಆಗೂದಿಲ್ಲ.
ಒಮ್ಮಿಗೇ ಬರೂದಿಲ್ಲ, ಅಷ್ಟ.’

ನಿಜ. ಈಗ ಅದು ಜಿಗಿದರೆ, ಆ ಜಿಗಿತ
ಕೆಟ್ಟ ಸುದ್ದಿ ತಂದ ಶ್ಯಾಣ್ಯಾ ಬೀಗನ ಹಾಗೆ
ಮೊದಲು ನೀರು ಕೇಳಿ, ಕುಂತು,
ಮಳೆ ಬೆಳೆ ಮಾತಾಡಿ
ಆಮೇಲೆ ನನ್ನ ಕೈಗೆ ಬರುತ್ತದೆ.

ನೂಲಿನ ಗಂಟು ಹೊರುವ ರಾಜೇಸಾಬನೂ
ತನ್ನ ಹೆಗಲಪಟ್ಟಿಗೊಂದು ಹಾಕಿಸಿಕೊಂಡ.
‘ಭಾರ ಅಷ್ಟ ಐತಿ,’ ಅಂದ,
‘ಹೆಜ್ಜಿಗೊಮ್ಮೆ ಬೈಯೂದು ಬಿಟ್ಟೈತಿ.’
ಪಾಟಿಚೀಲಕ್ಕೆ ಹಾಕಿಸಿದ ಹುಡುಗಿಯದು ಮಾತ್ರ
ಮೊಣಕಾಲಿಗೆ ಕುಣಿದು ಕುಣಿದು ಬಡಿಯಿತಂತೆ,
ಎರಡೇ ದಿನಕ್ಕೆ ಬಿಚ್ಚಿಸಿದರು.

ನಿನ್ನೆ ಸಂಜೆ ಕರೆಂಟು ಹೋಯಿತು.
ಊರ ಮಗ್ಗವೆಲ್ಲ ಒಂದೇ ಸಲ ಬಾಯಿ ಮುಚ್ಚಿದ ಹೊತ್ತು,
ಬದುವಿನ ಮೇಲೆ ಮತ್ತೆ ಮೊಲ. ಎರಡು ಕಿವಿ ಅಷ್ಟೇ.
ಚಿಗರಿ ಹಾರಿತು. ನೆರಿಗೆ ಬಿಚ್ಚಿತು.
ರಬ್ಬರು ಹಿಗ್ಗುತ್ತ, ಹಿಗ್ಗುತ್ತ
ಎಳೆತ ಇನ್ನೂ ದಾರಿಯಲ್ಲಿತ್ತು.
ಅಷ್ಟೊಂದು ಹೊತ್ತು ನನ್ನ ಕೈಗೆ
ಯಾವತ್ತೂ ಸಿಕ್ಕಿರಲಿಲ್ಲ.
ಬಿಗಿ ಹಿಡಿಯಬೇಕೆಂದೇ ಇದ್ದೆ.
ಬೆರಳು ಬಿಚ್ಚಿದವು.

ಕತ್ತಲಾದ ಮೇಲೆ ಬಂತು. ಬಾಯಿ ಖಾಲಿ.
ಹಿಂದೆ ಎಳಕೊಂಡು ಬಂದ ಗೇಣುದ್ದದ ತುಂಬ
ನೆಗ್ಗಿನಮುಳ್ಳು.
ನಾನು ಮೊಬೈಲಿನ ಬೆಳಕು ಹಿಡಿದು ನಿಂತೆ.
ದಾನಪ್ಪ ಒಂದೊಂದೇ ಆರಿಸಿ ಹೊಸ್ತಿಲಾಚೆ ಹಾಕಿದ,
ನನ್ನನ್ನು ಏನೂ ಕೇಳಲಿಲ್ಲ.
ಕೊನೆಗೆ ನಾಯಿಯ ತುಟಿಯನ್ನೇ ನೋಡುತ್ತ,
ಓಣಿಗೆಲ್ಲ ಕೇಳುವ ಹಾಗೆ:
‘ಎಲ್ಲೀತನಕ ಹೋಗಿದ್ದಿ?’