ಯಂತ್ರ ಓದದ ಸಾಲು

ಎರಡು ಸಾವಿರದ ಮೂರರಲ್ಲಿ ಬರೆದ ಪ್ರೋಗ್ರಾಮು.
ಬರೆದ ರಾಗ್ನಾರ್ ಈಗ ಮೀನು ಹಿಡಿಯುತ್ತಾನೆ, ಫೋನು ಎತ್ತುವುದಿಲ್ಲ.
ಹಪರಾಂಡದ ಬಸ್ ಡಿಪೋದಲ್ಲಿ ಅದು ಇಂದಿಗೂ
ಹೊಳೆ ದಾಟುವ ಬಸ್ಸುಗಳಿಗೆ ಹೊತ್ತು ಹೇಳುತ್ತದೆ.
ಸೇತುವೆಯ ಈ ತುದಿ ಸ್ವೀಡನ್, ಆ ತುದಿ ಫಿನ್‌ಲೆಂಡ್;
ನಡೆದರೆ ಆರು ನಿಮಿಷ,
ಗಡಿಯಾರಕ್ಕೆ ಒಂದು ಗಂಟೆ ಆರು ನಿಮಿಷ.

ಸೋಮವಾರ ಹೊಸ ಕಂಪ್ಯೂಟರು ಬಂತು.
ಮಂಗಳವಾರ ಏಳರ ಬಸ್ಸು ಆರಕ್ಕೇ ಹೊರಟಿತು,
ಖಾಲಿ, ದೀಪ ಉರಿಸಿಕೊಂಡು, ಹಿಮದಲ್ಲಿ.
ಡಯಾಲಿಸಿಸ್‌ಗೆ ಹೋಗಬೇಕಿದ್ದ ಎಲ್ನಾ ಕೆರೊ
ಏಳಕ್ಕೆ ಬಂದು ನಿಂತೇ ಇದ್ದಳು.

ಕೋಡು ಬಿಚ್ಚಿ ನೋಡಿದೆ. ತಪ್ಪು ದೊಡ್ಡದಲ್ಲ.
ರಾಗ್ನಾರ್ ಯಂತ್ರವನ್ನು ಕೇಳುತ್ತಾನೆ, ನಿನ್ನ ಹೊತ್ತಿನ ಹೆಸರೇನು?
ಯಂತ್ರ ತಾನು ಕಲಿತ ಮಾತಿನಲ್ಲಿ ಹೇಳುತ್ತದೆ.
ಹಳೆಯದು ಇಂಗ್ಲಿಷ್ ಕಲಿತಿತ್ತು, ಹೊಸದು ಸ್ವೀಡಿಷ್,
ಆಚೆ ದಡದ್ದು ಫಿನ್ನಿಷ್.
ಇವನು ಕಾದಿರುವುದು ಒಂದೇ ಉತ್ತರಕ್ಕೆ. ಅದು ಬರದಿದ್ದರೆ
ಸೊನ್ನೆ ಎಂದುಕೊಂಡು ಗ್ರೀನಿಚ್‌ಗೆ ಹೋಗಿ ಕೂತುಬಿಡುತ್ತಾನೆ.

ಅಜ್ಜಿಗೂ ಹೀಗೇ ಆಗಿತ್ತು.
ಶಾಲೆಯ ಮೊದಲ ದಿನ ಸ್ವೀಡಿಷಿನಲ್ಲಿ ಹೆಸರು ಕೇಳಿದರು.
ಅವಳು ಮೆಆನ್‌ಕಿಯೆಲಿಯಲ್ಲಿ ಹೇಳಿದಳು,
ಮನೆಯ ಮಾತು, ಹೊಳೆಯ ಎರಡೂ ದಡದ ಮಾತು.
ಉತ್ತರ ಸರಿಯಿತ್ತು. ಆದರೂ
ಮಧ್ಯಾಹ್ನದವರೆಗೆ ಮೂಲೆಯಲ್ಲಿ ನಿಲ್ಲಿಸಿದರು.

ಹಳೇ ಲೈಬ್ರರಿ, ನೇರ ಕೇಳುವ ದಾರಿ ಇದರಲ್ಲಿಲ್ಲ.
ಇಳಿದೆ ರಿಜಿಸ್ಟ್ರಿಯೊಳಗೆ, ಕಿಟಕಿಯಿಲ್ಲದ ಉಗ್ರಾಣಕ್ಕೆ.
ಅಲ್ಲಿ ಪ್ರತಿ ಹೊತ್ತಿಗೂ ಒಂದೊಂದು ಡಬ್ಬ.
ಒಳಗಿರುವುದು ಊರಿಗೆ ತೋರಿಸುವ ಹೆಸರು, ಕಲಿತ ಮಾತಿಗೆ ತಕ್ಕಂತೆ;
ಮುಚ್ಚಳದ ಮೇಲೆ ಯಾರೂ ಅನುವಾದಿಸದ ಹೆಸರು.
ಒಂದೊಂದನ್ನೇ ತೆರೆದು, ಒಳಗಿನದು ತಾಳೆಯಾದರೆ
ಮುಚ್ಚಳ ಓದಿಕೊಳ್ಳಬೇಕು.
ಹದಿನಾಲ್ಕು ಸಾಲು, ಎರಡು ಲೋಟ ಕಾಫಿ.

ಭಾಷೆಗೆ ಅಂಟದ ಹೆಸರು ಎನ್ನುತ್ತಾರೆ ಇದನ್ನು.
ನೋಡಿದರೆ ಇಂಗ್ಲಿಷೇ.
ಉಳಿದವೆಲ್ಲ ಭಾಷೆ, ತಾನು ಮಾತ್ರ ಅಲ್ಲ ಎಂಬಂತೆ ಕೂತಿದೆ.
ನಗು ಬಂತು. ಏಳರ ಬಸ್ಸು ಏಳಕ್ಕೆ ಹೊರಡಬೇಕಲ್ಲ,
ಅದನ್ನೇ ಬರೆದೆ.

ಬರೆದು, ಕೆಳಗೆ ಎರಡು ಓರೆಗೆರೆ ಎಳೆದೆ.
ಅದರ ಮುಂದಿನದನ್ನು ಯಂತ್ರ ಓದುವುದಿಲ್ಲ.
ಅಲ್ಲಿ ಅಜ್ಜಿಯ ಮಾತಿನಲ್ಲಿ:
ಇಲ್ಲಿ ಹೊತ್ತಿಗೆ ಎರಡು ಹೆಸರು, ಹೊಳೆಗೂ ಅಷ್ಟೇ.
ಕೇಳಿದವರು ಸ್ವಲ್ಪ ತಾಳಿ.

ಗುರುವಾರ ಎಲ್ನಾ ಬಸ್ಸು ಹತ್ತಿದಳು,
ಚಾಲಕನಿಗೆ ಏನೋ ಬೈದಳು.
ಕಿಟಕಿ ಮುಚ್ಚಿತ್ತು,
ಯಾವ ಭಾಷೆಯಲ್ಲೋ ಕೇಳಿಸಲಿಲ್ಲ.