ಮಹಜರು

ಗ್ರಿಮ್ಸ್‌ಬಿಯ ಗ್ರಂಥಾಲಯ. ಗುರುವಾರ, ಸಂಜೆ ಐದೂವರೆ.
ಹೊರಗೆ ಹಡಗುಕಟ್ಟೆಯ ಮೀನಿನ ವಾಸನೆ ಹೊತ್ತ ಗಾಳಿ,
ಒಳಗೆ ಎಂಟು ಪರದೆ, ಎಂಟು ಮಕ್ಕಳು, ಒಂದು ಗಣರಾಜ್ಯ.
ಹೀಟರು ಕೆಟ್ಟು ಎರಡು ವಾರ. ಪ್ರಜೆಗಳು ಕೋಟು ಬಿಚ್ಚಿಲ್ಲ.

ಮೊದಲು ರಾಜನಿದ್ದ. ರೀಸ್, ಹದಿಮೂರು ವರ್ಷ.
ಸಿಕ್ಕ ವಜ್ರವೆಲ್ಲ ನನ್ನ ಪೆಟ್ಟಿಗೆಗೆ ಅಂದ; ನಾಲ್ಕು ದಿನ ನಡೆಯಿತು.
ಆಮೇಲೆ ಎಲ್ಲವೂ ಎಲ್ಲರದು ಅಂದರು:
ಗೋಧಿ ಬಿತ್ತಲು ಯಾರೂ ಇಲ್ಲ, ರೊಟ್ಟಿಗೆ ಎಲ್ಲರೂ.
ಒಂದು ವಾರ ಚೀಟಿ ಎತ್ತಿ ಅಧ್ಯಕ್ಷರನ್ನು ಆರಿಸಿದರು,
ನಿಜ ಹೇಳಬೇಕೆಂದರೆ ಅದೇ ವಾಸಿಯಿತ್ತು.
ಈಗ ಶಾಸನಸಭೆ. ಮರದ ಹಲಗೆಯ ಮೇಲೆ ಹನ್ನೊಂದು ಕಾನೂನು,
ಹತ್ತರಲ್ಲಿ ಅಕ್ಷರ ತಪ್ಪು.

ನಾನು ಸಂಜೆಪಾಳಿಯವಳು, ಪುಸ್ತಕ ಜೋಡಿಸುವವಳು.
ಯಾವ ಪಕ್ಷದವಳೂ ಅಲ್ಲವೆಂದು
ಹೊಲಗಳ ಲೆಕ್ಕ ನನಗೇ ಕಟ್ಟಿದರು.
ಶಾನುಭೋಗಿಕೆ! ಪದ ಹೇಳಿಕೊಟ್ಟೆ.
ನಾಲಗೆ ಹೊರಳದೆ 'ಶಾನ್' ಅನ್ನುತ್ತಾರೆ,
ಯಾವನೋ ಗಂಡಸನ್ನು ಕರೆದ ಹಾಗೆ.

ಏಳನೆಯ ಕಾನೂನು, ಟಿಲ್ಲಿಯ ಕೈಬರಹ:
ಮೂವತ್ತು ದಿನ ಒಡೆಯ ಬಾರದಿದ್ದರೆ ಹೊಲ ಊರಿನದು.
ಕಾಟ್ಸ್ಪರ್ ಬಂದು ನಲವತ್ತೆರಡು ದಿನ.
ಮೀನಿನ ಕಾರ್ಖಾನೆಯಲ್ಲಿ ಅವನಮ್ಮನ ಪಾಳಿ ಕಡಿತವಾಯಿತು,
ಹೋದರು. ಪೀಟರ್‌ಬರೋಗೆ ಅಂತ ಒಬ್ಬ,
ಪೋಲೆಂಡಿಗೇ ಅಂತ ಇನ್ನೊಬ್ಬ.
ಬಿಟ್ಟದ್ದು: ಆರು ಸಾಲು ಗೋಧಿ, ಒಂದು ಹಾಸಿಗೆ, ಮೂರು ಕೋಳಿ.

ಹೋಗಿ ನೋಡಿ ಬನ್ನಿ ಅಂದಿತು ಸಭೆ.
ಟಿಲ್ಲಿ, ರೀಸ್, ನಾನು; ಹೊಳೆ ದಾಟಿ, ಗುಡ್ಡ ಬಳಸಿ.
ಈ ಲೋಕದ್ದೊಂದು ಚಾಳಿಯಿದೆ:
ಹತ್ತಿರ ಯಾರೂ ಇಲ್ಲದ ನೆಲದಲ್ಲಿ ಹೊತ್ತು ಹೋಗುವುದಿಲ್ಲ.
ಪೈರು ಏರುವುದಿಲ್ಲ.
ಕೋಳಿ ಎತ್ತಿದ ಕಾಲು ಇಳಿಸುವುದಿಲ್ಲ.

ನಾವು ಬೇಲಿ ಮುಟ್ಟಿದೆವು. ಕೋಳಿ ಕಾಲು ಇಳಿಸಿತು.

ಬೀಳು ಬಿದ್ದಿದೆ, ಬರಕೋ, ಅಂದ ರೀಸ್.
ಗೋಧಿ ಆಗಿನ್ನೂ ಗೇಣುದ್ದ, ಹಸಿರು.
ಜಗಳವಾಡುತ್ತ ನಿಂತೆವು, ಕಾಲು ಗಂಟೆ, ಅರ್ಧ ಗಂಟೆ,
ಯಾರೂ ನೀರು ಹಾಯಿಸಲಿಲ್ಲ, ಕಳೆ ಕೀಳಲಿಲ್ಲ,
ನಮ್ಮ ಜಗಳದ ಸುತ್ತ ತೆನೆ ಹಳದಿಗೆ ತಿರುಗಿತು.

ಟಿಲ್ಲಿ ಪರದೆಯಿಂದ ಕಣ್ಣು ಕೀಳದೆ ಅಂದಳು:
ಇಲ್ಲಿ ನಲವತ್ತೆರಡು ದಿನ ಆಗೇ ಇಲ್ಲ.
ಅವನು ಹೋದದ್ದು ಈಗ.

ಹಾಗಾದರೆ ಯಾರ ಹೊಲವೂ ಯಾವತ್ತೂ ಊರಿಗೆ ಬರೋಲ್ಲ,
ಅಂದ ರೀಸ್. ಅವನದೂ ಸುಳ್ಳಲ್ಲ.
ತಾನೇ ನೇಯ್ದ ಬಲೆಯಲ್ಲಿ ಟಿಲ್ಲಿ
ತೂತು ಹುಡುಕುತ್ತಿದ್ದಾಳೆ, ಗೆಳೆಯನೊಬ್ಬ ನುಸುಳುವಷ್ಟು.

ಮತದಾನ ಮುಂದಿನ ಗುರುವಾರ. ಏಳಕ್ಕೆ ಬಾಗಿಲು ಹಾಕಬೇಕು.
ನಾನು ಸ್ವಿಚ್ ಆರಿಸಿದರೆ ಇಡೀ ರಾಜ್ಯ
ಎತ್ತಿದ ಕಾಲಲ್ಲೇ ನಿಲ್ಲುತ್ತದೆ.
ಅಷ್ಟರಲ್ಲಿ ಬರೆದಿಟ್ಟೆ:

ಸ್ಥಳದಲ್ಲಿ ಒಡೆಯ ಇರಲಿಲ್ಲ. ಪೈರು ಇತ್ತು.
ನೋಡುತ್ತ ನಿಂತಷ್ಟು ಹೊತ್ತು ಬೆಳೆಯಿತು.
ಕೋಳಿ ಮೂರು. ಮೊಟ್ಟೆ ಒಂದು, ನಮ್ಮ ಸಮಕ್ಷಮ ಇಟ್ಟದ್ದು.
ಅದು ಯಾರದೆಂದು ಹನ್ನೊಂದರಲ್ಲಿ ಎಲ್ಲೂ ಹೇಳಿಲ್ಲ.
ಸಹಿ: ಶಾನ್.